ಎರಡನೇ ಟ್ಯಾಂಕಿನ ಅಳತೆ ಕೋಲು

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಡೀಸೆಲ್ ಮುಳ್ಳು ಅರ್ಧಕ್ಕಿಂತ ಕೆಳಗಿಳಿದರೆ ನನಗೆ ಉಸಿರು ಕಟ್ಟಿದಂತಾಗುತ್ತದೆ. ಉಳಿದವರು ಮುಳ್ಳು ಕೆಂಪು ಗೆರೆ ಮುಟ್ಟಿ, ದೀಪ ಹತ್ತಿ, ಆ ದೀಪಕ್ಕೂ ಬೇಸರ ಬಂದ ಮೇಲೆ ಬಂಕಿನ ದಾರಿ ಹಿಡಿಯುತ್ತಾರೆ. ನಾನು ಮುಕ್ಕಾಲಿಗೇ ಹೊರಡುತ್ತೇನೆ. ಐನ್ ಖಾಲಿದ್‌ನ ನಮ್ಮ ಮನೆಯ ಹತ್ತಿರದ ಬಂಕಿನವರು ನನ್ನನ್ನು ಕಂಡರೆ ನೆಂಟರು ಬಂದಂತೆ ನಗುತ್ತಾರೆ. ಬೇರೆಯವರಿಗೆ ಬಿಪಿ, ಶುಗರ್ ಇದ್ದ ಹಾಗೆ ನನಗೆ ಡೀಸೆಲ್ ಇದೆ ಎಂದು ಹೆಂಡತಿ ಜೆಸಿಂತಾ ಬಂದವರಿಗೆಲ್ಲ ಹೇಳುತ್ತಾಳೆ.

ಇದರಲ್ಲಿ ನಗೆಪಾಟಲಿನ ಸಂಗತಿಯೆಂದರೆ ನಾನಿರುವುದು ಕತಾರಿನಲ್ಲಿ. ಈ ದೇಶದ ಉತ್ತರದ ತುದಿಯಿಂದ ದಕ್ಷಿಣದ ಗಡಿಗೆ ಹೋಗಿ, ಚಹಾ ಕುಡಿದು, ತಿರುಗಿ ಬಂದರೂ ನಮ್ಮ ಪಿಕಪ್ಪಿನ ಟ್ಯಾಂಕ್ ಅರ್ಧ ಖಾಲಿಯಾಗುವುದಿಲ್ಲ. ಕಾಲಡಿಯ ನೆಲದಿಂದಲೇ ಎಣ್ಣೆ ಬರುವ ಊರು ಬೇರೆ. ಇಲ್ಲಿ ಕೂತು ಎಣ್ಣೆ ಮುಗಿದೀತೆಂದು ಹೆದರುವುದು ಕಡಲಲ್ಲಿ ನಿಂತು ಉಪ್ಪು ಸಿಗದೆಂದು ಅತ್ತ ಹಾಗೆ. ಆದರೆ ಹೆದರಿಕೆಗೆ ಭೂಗೋಳ ತಿಳಿಯುವುದಿಲ್ಲವಲ್ಲ. ಸರ್ವೆ ಕಂಪೆನಿಯೊಂದರಲ್ಲಿ ನನ್ನ ಕೆಲಸ. ದುಖಾನ್ ಕಡೆಯ ಮರಳುಗಾಡಿನಲ್ಲಿರುವ ಕ್ಯಾಂಪಿನ ಉಸ್ತುವಾರಿ ನನ್ನದು. ಟಾರು ರಸ್ತೆ ಬಿಟ್ಟು ಮುಕ್ಕಾಲು ಗಂಟೆ ಕಲ್ಲುಮರಳಿನಲ್ಲಿ ಕುಲುಕಿಕೊಂಡು ಹೋಗಬೇಕು. ಏಸಿಗಾಗಿ ದಿನವಿಡೀ ಇಂಜಿನ್ ಓಡುತ್ತಲೇ ಇರುತ್ತದೆ. ಇವನ್ನೆಲ್ಲ ಕಾರಣವಾಗಿ ತೋರಿಸಿ, ಕಂಪೆನಿಯವರನ್ನು ಒಂದು ವರ್ಷ ಪೀಡಿಸಿ, ಕಾಗದಪತ್ರಗಳನ್ನೆಲ್ಲ ಮಾಡಿಸಿ, ಪಿಕಪ್ಪಿಗೆ ಎರಡನೆಯದೊಂದು ಟ್ಯಾಂಕ್ ಕೂರಿಸಲು ಒಪ್ಪಿಗೆ ಪಡೆದೆ. ಮದುವೆಗೆ ಒಪ್ಪಿಗೆ ಸಿಕ್ಕಿದ ದಿನವೂ ನಾನು ಅಷ್ಟು ಹಿಗ್ಗಿದ್ದಿಲ್ಲ ಎಂಬುದು ಜೆಸಿಂತಾಳ ದೂರು.

ಕೂರಿಸಿದವರು ಮೋನುಚ್ಚ. ಉಳ್ಳಾಲದ ಬ್ಯಾರಿ ಮುಸ್ಲಿಮರು, ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೂವತ್ತು ವರ್ಷಗಳಿಂದ ಗ್ಯಾರೇಜು. ನನ್ನನ್ನು ಅವರು 'ಪೊರ್ಬುಗಳೇ' ಎಂದು ಕರೆಯುತ್ತಾರೆ. ಕಿರಿಸ್ತಾನರನ್ನು ನಮ್ಮ ಕಡೆ ಹಾಗೆ ಕರೆಯುವುದು. ನಾನು ಅವರನ್ನು 'ಬ್ಯಾರಿಗಳೇ' ಎನ್ನುತ್ತೇನೆ. ಗುಜರಿಯಲ್ಲಿ ಸಿಕ್ಕಿದ ಗಟ್ಟಿಮುಟ್ಟಾದ ಹಳೆಯ ಟ್ಯಾಂಕೊಂದನ್ನು ಅವರೇ ಆರಿಸಿ ತಂದು, ತೊಳೆದು, ಪಿಕಪ್ಪಿನ ಹಿಂದುಗಡೆ ಕ್ಯಾಬಿನ್ನಿಗೆ ತಾಗಿಸಿ ಬೋಲ್ಟು ಬಿಗಿದರು. ಅದರ ತಳದಿಂದ ಒಂದು ಪೈಪು, ಪೈಪಿಗೊಂದು ವಾಲ್ವು, ಅಲ್ಲಿಂದ ಕೆಳಗಿನ ಮೂಲ ಟ್ಯಾಂಕಿನ ಬಾಯಿಯ ಪೈಪಿಗೆ ಜೋಡಣೆ. ಪಂಪು ಇಲ್ಲ, ವಿದ್ಯುತ್ ಇಲ್ಲ. ಮೇಲಿನದು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಕೆಳಗಿನ ಟ್ಯಾಂಕಿನಲ್ಲಿ ಎಷ್ಟು ಖರ್ಚಾಯಿತೋ ಅಷ್ಟು ಮೇಲಿನಿಂದ ಬಂದು ತುಂಬುತ್ತದೆ. ಆದ್ದರಿಂದ ಮೇಲಿನದು ಪೂರಾ ಬರಿದಾಗುವವರೆಗೆ ಮುಳ್ಳು 'ಫುಲ್' ಬಿಟ್ಟು ಅಲ್ಲಾಡುವುದಿಲ್ಲ. "ಖಲಾಸ್ ಪೊರ್ಬುಗಳೇ, ಇನ್ನು ನಿಮ್ಮ ಕಾಯಿಲೆಗೆ ಮದ್ದಾಯ್ತು" ಎಂದರು ಮೋನುಚ್ಚ.

ಟ್ಯಾಂಕಿನ ಒಳಗೆ ಒಂದು ವಸ್ತು ಇತ್ತು. ಅಳತೆ ಕೋಲು. ಎರಡು ಮೊಳ ಉದ್ದದ ಬಿದಿರಿನ ಸೀಳು, ಎಣ್ಣೆ ಕುಡಿದು ಕಪ್ಪಾದದ್ದು. ಮೋನುಚ್ಚ ಒರಸಿ ಬಿಸಿಲಿಗೆ ಹಿಡಿದರು. ಚಾಕುವಿನಿಂದ ಕೊರೆದ ಮೂರು ಗೆರೆಗಳಿದ್ದವು. ಒಂದೊಂದು ಗೆರೆಯ ಪಕ್ಕದಲ್ಲಿ ಒಂದೊಂದು ಶಬ್ದ, ಕನ್ನಡದಲ್ಲಿ. ಮೇಲಿನ ಗೆರೆಗೆ 'ಹೊರಡು'. ನಡುವಿನದಕ್ಕೆ 'ತಿರುಗು'. ತಳದಿಂದ ಎರಡು ಬೆರಳು ಮೇಲೆ 'ದೇವರೇ'.

ಇಂಥ ಕೋಲು ನಮ್ಮ ಮಲ್ಪೆಯ ಮೀನಿನ ಬೋಟುಗಳಲ್ಲಿ ಇರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನನ್ನ ಸೋದರಮಾವ ಬೋಟಿನಲ್ಲಿದ್ದವರು. ಆದರೆ ಈ ಕೋಲಿನವನು ಯಾರು? ಗುಜರಿಯವನು ಪಠಾಣ, ಅವನಿಗೆ ಟ್ಯಾಂಕು ಎಲ್ಲಿಂದ ಬಂತೆಂದೇ ನೆನಪಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಯಾವುದನ್ನೇ ಆಡಲಿ, ಬರೆಯುವ ಹೊತ್ತಿಗೆ ನಮ್ಮ ಕಡೆಯವರೆಲ್ಲ ಕನ್ನಡಕ್ಕೇ ಬರುತ್ತೇವೆ. ಹಾಗಾಗಿ ಅಕ್ಷರ ನೋಡಿ ಜಾತಿ ಹೇಳುವಂತಿರಲಿಲ್ಲ, ಆ 'ದೇವರೇ' ಯಾವ ದೇವರೆಂದೂ ಹೇಳುವಂತಿರಲಿಲ್ಲ. ಕನ್ನಡಿಗನೊಬ್ಬ ಈ ಮರಳುಗಾಡಿನಲ್ಲಿ ಎಲ್ಲಿಗೋ ಹೊರಡುತ್ತಿದ್ದ, ತಿರುಗುತ್ತಿದ್ದ, ಒಮ್ಮೆಯಾದರೂ ತಳದ ಗೆರೆ ಕಂಡಿದ್ದ. ಅಷ್ಟೇ ಗೊತ್ತಾದದ್ದು. ಕೋಲನ್ನು ಟ್ಯಾಂಕಿನ ಬದಿಗೆ ಟೇಪು ಹಾಕಿ ಅಂಟಿಸಿ, ಬಂಕಿನಲ್ಲಿ ಎರಡೂ ಟ್ಯಾಂಕು ತುಂಬಿಸಿಕೊಂಡು ಬಂದೆ.

ಆಮೇಲಿನ ಎಂಟು ದಿನ ನನ್ನ ಜೀವನದ ಅತ್ಯಂತ ನೆಮ್ಮದಿಯ ದಿನಗಳು. ಕ್ಯಾಂಪಿಗೆ ಹೋದೆ, ಬಂದೆ, ವೆಸ್ಟ್ ಬೇಯ ಆಫೀಸಿಗೆ ಹೋದೆ, ಅಲ್ ಮನ್ಸೂರಾದಲ್ಲಿ ನೀರುದೋಸೆ ತಿನ್ನಲಿಕ್ಕೆಂದೇ ಸುತ್ತುಬಳಸಿ ಹೋದೆ. ಮುಳ್ಳು 'ಫುಲ್' ಬಿಟ್ಟು ಕೂದಲೆಳೆಯಷ್ಟೂ ಇಳಿಯಲಿಲ್ಲ. ನಿಂತ ಮುಳ್ಳನ್ನು ನೋಡುತ್ತ ಗಾಡಿ ಓಡಿಸುವುದರಲ್ಲಿ ಒಂದು ವಿಚಿತ್ರವಾದ ಅಮಲಿದೆ. ವಯಸ್ಸು ಆಗುತ್ತಿಲ್ಲ, ರಜೆ ಮುಗಿಯುತ್ತಿಲ್ಲ, ಮಕ್ಕಳು ದೊಡ್ಡವರಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿಲ್ಲ ಎಂದೆಲ್ಲ ಅನ್ನಿಸುತ್ತದೆ. ಕೋಲನ್ನು ಅದ್ದಿ ನೋಡುವ ಅಗತ್ಯವೇ ಕಾಣಲಿಲ್ಲ.

ಒಂಬತ್ತನೆಯ ದಿನ ಈದ್ ರಜೆ. ಬೇಸಗೆಯ ನೆತ್ತಿ. ಕ್ಯಾಂಪಿನವರೆಲ್ಲ ಊರಿಗೂ ದೋಹಾಕ್ಕೂ ಹೋಗಿದ್ದರು. ಅಲ್ಲಿ ಉಳಿದವನು ಕಾವಲಿನ ಶೀನ ಒಬ್ಬನೇ. ನಮ್ಮ ಜಿಲ್ಲೆಯವನು, ಎಂಟು ವರ್ಷಗಳಿಂದ ನನ್ನ ಕೈಕೆಳಗೆ ಇರುವ ಸಾಧು. ಬೆಳಿಗ್ಗೆ ಹತ್ತಕ್ಕೆ ಅವನ ಫೋನು ಬಂತು. ತಲೆ ತಿರುಗುತ್ತಿದೆ, ನಿನ್ನೆಯಿಂದ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಎಂದ. ಫೋನು ಕಡಿದುಹೋಯಿತು. ಆಂಬುಲೆನ್ಸಿಗೆ ಫೋನು ಮಾಡಿದೆ. ಹೆಸರಿಲ್ಲದ ಆ ಮರಳು ದಾರಿಯನ್ನು ವಿವರಿಸಲು ನನ್ನಿಂದಾಗಲಿಲ್ಲ. ಕೊನೆಗೆ, ಅವರು ಟಾರು ರಸ್ತೆಯ ತಿರುವಿನಲ್ಲಿ ಕಾಯುವುದು, ನಾನು ಅಲ್ಲಿಗೆ ಅವನನ್ನು ತಂದು ಮುಟ್ಟಿಸುವುದು ಎಂದಾಯಿತು. ಗಾಡಿ ಹತ್ತಿದೆ. ಮುಳ್ಳು ಫುಲ್.

ನಮ್ಮ ತುಳುನಾಡಿನಲ್ಲಿ ನಡುರಾತ್ರಿಗಿಂತ ನಡುಮಧ್ಯಾಹ್ನಕ್ಕೆ ಹೆಚ್ಚು ಹೆದರುತ್ತಾರೆ. ಹನ್ನೆರಡು ಹೊಡೆದ ಮೇಲೆ ಭೂತದ ಬನದ ಕಡೆ ಹೋಗಬೇಡಿ ಎಂದು ನನ್ನ ಅಜ್ಜಿ, ದಿನವೂ ಜಪಸರ ಹಿಡಿಯುವ ಮುದುಕಿ, ಗದರಿಸುತ್ತಿದ್ದಳು. ಯಾಕೆಂದು ಮರಳುಗಾಡಿನಲ್ಲಿ ತಿಳಿಯುತ್ತದೆ. ಆ ಹೊತ್ತಿಗೆ ಯಾವುದಕ್ಕೂ ನೆರಳಿಲ್ಲ. ದೂರದಲ್ಲಿ ನೀರು ಹೊಳೆಯುತ್ತದೆ, ಹತ್ತಿರ ಹೋದಷ್ಟೂ ಹಿಂದೆ ಸರಿಯುತ್ತದೆ. ಕ್ಯಾಂಪು ಮುಟ್ಟಿದಾಗ ಜನರೇಟರ್ ಓಡುತ್ತಿತ್ತು. ಖಾಲಿ ಕ್ಯಾಬಿನ್ನುಗಳಲ್ಲೆಲ್ಲ ಏಸಿ ಗುಂಯ್ ಎನ್ನುತ್ತಿತ್ತು, ಎಲ್ಲ ಬಾಗಿಲುಗಳೂ ತೆರೆದಿದ್ದವು. ಶೀನ ಹೊರಗೆ ತಗಡಿನ ಮಾಡಿನ ಕೆಳಗೆ, ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ. ಮೈ ಮುಟ್ಟಿದರೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ.

"ಈಗ ತಾನೇ ಬಂದು ಹೋದ್ರಲ್ಲ ಸಾರ್" ಎಂದ.

ಮೈಯೊರಸುವ ಬೈರಾಸನ್ನು ಒದ್ದೆಮಾಡಿ ಹೊದೆಸಿ, ಹಿಂದಿನ ಸೀಟಿನಲ್ಲಿ ಮಲಗಿಸಿ, ಗಾಡಿ ತಿರುಗಿಸಿದೆ.

ಹದಿನೈದು ನಿಮಿಷ ಬಂದಿರಬೇಕು. ಬೆನ್ನ ಹಿಂದೆ ಯಾರೋ ಬಡಿದರು. ದಪ್, ದಪ್, ದಪ್. ಸ್ವಲ್ಪ ಬಿಡುವು. ಮತ್ತೆ ದಪ್, ದಪ್, ದಪ್. ಕೈ ಮಡಚಿ ಬಾಗಿಲು ಬಡಿಯುವವರ ಹಾಗೆ, ತಾಳ್ಮೆಯಿಂದ. ಕನ್ನಡಿಯಲ್ಲಿ ನೋಡಿದರೆ ಧೂಳು ಬಿಟ್ಟು ಏನೂ ಇಲ್ಲ. ಟ್ಯಾಂಕಿನ ಬೋಲ್ಟು ಸಡಿಲಾಯಿತೇ ಎಂಬ ಭಯ ಹುಟ್ಟಿತು. ಅಷ್ಟು ಭಾರದ ಟ್ಯಾಂಕು ಕಳಚಿಕೊಂಡರೆ ನಮ್ಮಿಬ್ಬರ ಕಥೆಯೂ ಮುಗಿಯಿತು. ಏಸಿ ನಿಲ್ಲಬಾರದೆಂದು ಇಂಜಿನ್ ಓಡಲು ಬಿಟ್ಟು ಇಳಿದು ನೋಡಿದೆ. ಬೋಲ್ಟು ಗಟ್ಟಿಯಿತ್ತು. ಬಿಸಿಲಿಗೆ ಟೇಪಿನ ಅಂಟು ಕರಗಿ, ಅಳತೆ ಕೋಲು ಒಂದು ತುದಿಯಲ್ಲಿ ಕಳಚಿ, ಟ್ಯಾಂಕಿಗೆ ಬಡಿಯುತ್ತಿತ್ತು. ಇಷ್ಟೇಯೋ ಎಂದು ನನ್ನನ್ನೇ ಬೈದುಕೊಂಡು ಅದನ್ನು ಕಿತ್ತು, ಬಾಗಿಲು ತೆರೆದು, ಮುಂದಿನ ಸೀಟಿಗೆ ಎಸೆಯಹೊರಟೆ.

ಆಗ ಹಿಂದಿನ ಸೀಟಿನಿಂದ ಮಾತು ಕೇಳಿಸಿತು. ನಿಧಾನವಾದ, ಸ್ಪಷ್ಟವಾದ ಮಾತು.

"ಟ್ಯಾಂಕು ತುಂಬಿಸಿ ಎಷ್ಟು ದಿನ ಆಯ್ತಣ್ಣ?"

ಒಂಬತ್ತು ದಿನ ಎಂದೆ.

"ಅದು ತುಂಬಿದ ಟ್ಯಾಂಕಿನ ಸದ್ದು. ಖಾಲಿಯಾದ್ರೆ ಟಣ್ ಅನ್ತದೆ. ಬೋಟಲ್ಲಿ ಮುಳ್ಳು ಇಲ್ಲ, ನಾವು ಸದ್ದು ಕೇಳುದು. ಕೈಯಲ್ಲಿ ಉಂಟಲ್ಲ, ಒಮ್ಮೆ ಕೋಲು ಹಾಕಿ ನೋಡಿ."

ಜ್ವರದ ಮಾತು, ಹೊತ್ತು ಹಾಳು ಎಂದುಕೊಂಡರೂ ಕಾಲು ಹಿಂದೆ ಹೋಯಿತು. ಮುಚ್ಚಳ ತೆರೆದು ಕೋಲು ಇಳಿಸಿದೆ, ಎತ್ತಿದೆ. 'ಹೊರಡು' ಎಂಬಲ್ಲಿಯವರೆಗೆ ಒದ್ದೆ.

ಸ್ನೇಹಿತರೇ, ಆ ಒಂದು ಕ್ಷಣವನ್ನು ಹೇಗೆ ಹೇಳಲಿ. ಒಂಬತ್ತು ದಿನ ಓಡಿದ್ದೇನೆ. ಕೆಳಗಿನ ಟ್ಯಾಂಕು ತುಂಬಿದೆ ಎನ್ನುತ್ತದೆ ಮುಳ್ಳು. ಮೇಲಿನ ಟ್ಯಾಂಕು ತುಂಬಿದೆ ಎನ್ನುತ್ತದೆ ಕೋಲು. ಎಲ್ಲಿಯೂ ಒಂದು ಹನಿ ಖರ್ಚಾಗಿಲ್ಲ. ಹಾಗಾದರೆ ಇಷ್ಟು ದಿನ ಈ ಗಾಡಿ ಸುಟ್ಟದ್ದು ಏನನ್ನು? ನೆತ್ತಿಯ ಮೇಲೆ ಸೂರ್ಯ, ಸುತ್ತ ನೆರಳಿಲ್ಲದ ಬಯಲು, ಕೈಯಲ್ಲಿ ಸತ್ತನೋ ಇದ್ದಾನೋ ತಿಳಿಯದವನ ಕೋಲು. ನಾನೇ ಒಂಬತ್ತು ದಿನದ ಹಿಂದೆ ಎಲ್ಲಿಯೋ ನಿಂತುಹೋಗಿದ್ದೇನೆ, ಆಮೇಲಿನದೆಲ್ಲ ಸುಳ್ಳು ಎಂದು ಅನ್ನಿಸಿತು.

ಅಷ್ಟರಲ್ಲಿ ಇಂಜಿನ್ ಒಮ್ಮೆ ಕೆಮ್ಮಿತು.

ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ, ಬಿದಿರು ಸುಳ್ಳು ಹೇಳಲಾರದು ಎಂದು ಆ ಕೆಮ್ಮಿಗೆ ಹೊಳೆಯಿತು. ಡೀಸೆಲ್ ಇಂಜಿನ್ ಒಮ್ಮೆ ಒಣಗಿ ನಿಂತಿತೆಂದರೆ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಕೊಡಪಾನದಲ್ಲಿ ಎಣ್ಣೆ ಹೊಯ್ದರೂ ಬೇಗ ಏಳುವುದಿಲ್ಲ. ಶೀನನಿಗೆ ಅಷ್ಟು ಹೊತ್ತು ಇರಲಿಲ್ಲ. ಗಾಡಿಯ ಕೆಳಗೆ ನುಗ್ಗಿ ವಾಲ್ವು ನೋಡಿದೆ. ಹಿಡಿ ಪೈಪಿಗೆ ಅಡ್ಡವಾಗಿತ್ತು. ಉದ್ದಕ್ಕಿದ್ದರೆ ತೆರೆದದ್ದು, ಅಡ್ಡಕ್ಕಿದ್ದರೆ ಮುಚ್ಚಿದ್ದು ಎಂದು ಮೋನುಚ್ಚ ಎರಡೆರಡು ಸಲ ಹೇಳಿದ್ದರು, ತೆರೆದೇ ಕೊಟ್ಟಿದ್ದರು. ಬಹಳ ಜಾಗ್ರತೆಯ ಮನುಷ್ಯನಾದ ನಾನು ಮನೆಗೆ ಬಂದು, ಯಾವುದಕ್ಕೂ ಇರಲಿ ಎಂದು, ತೆರೆದದ್ದನ್ನು ಇನ್ನೊಮ್ಮೆ 'ತೆರೆದಿದ್ದೆ'. ಸುಡುವ ಹಿಡಿಯನ್ನು ಉದ್ದಕ್ಕೆ ತಿರುಗಿಸಿದೆ. ಪೈಪಿನೊಳಗೆ ಗುಳುಗುಳು ಎಂದು ಡೀಸೆಲ್ ಇಳಿಯಿತು. ಇಂಜಿನ್ ಇನ್ನೊಮ್ಮೆ ಕೆಮ್ಮಿ, ತಡವರಿಸಿ, ಹಿಡಿದುಕೊಂಡಿತು. ನಾನು ಮರಳಿನಲ್ಲಿ ಮಲಗಿದಲ್ಲಿಯೇ ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ.

ಆಂಬುಲೆನ್ಸಿನವರು ತಿರುವಿನಲ್ಲಿ ಕಾಯುತ್ತಿದ್ದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು.

ಮುಳ್ಳಿನ ರಹಸ್ಯ ಸುಲಭದಲ್ಲಿ ಬಯಲಾಯಿತು. ಪೈಪು ಜೋಡಿಸುವಾಗ ಮುಳ್ಳಿಗೆ ಹೋಗುವ ವಯರು ಎಲ್ಲಿಯೋ ಜಜ್ಜಿ ಗಾಡಿಯ ಕಬ್ಬಿಣದ ಚಾಸಿಗೆ ತಾಗಿಕೊಂಡಿತ್ತು, ಅದಕ್ಕೇ ಮುಳ್ಳು 'ಫುಲ್'ನಲ್ಲೇ ಅಂಟಿಕೊಂಡಿತ್ತು. ಮೋನುಚ್ಚ ತಮ್ಮ ತಪ್ಪನ್ನು ಒಪ್ಪಿಕೊಂಡು, ನನ್ನ ತಪ್ಪನ್ನೂ ಎತ್ತಿ ಆಡಿ, ಸರಿಮಾಡಿಕೊಟ್ಟರು. ಕೋಲನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ಹಿಂದೆ ಕೊಟ್ಟರು. "ಇದನ್ನು ಬಿಸಾಡ್ಬೇಡಿ ಪೊರ್ಬುಗಳೇ" ಎಂದರು.

ನಾಲ್ಕನೆಯ ದಿನ ಜೆಸಿಂತಾ ಮಾಡಿಕೊಟ್ಟ ಗಂಜಿ, ಮಾವಿನ ಉಪ್ಪಿನಕಾಯಿ ಹಿಡಿದುಕೊಂಡು ಶೀನನನ್ನು ನೋಡಲು ಹೋದೆ. ಎದ್ದು ಕೂತಿದ್ದ, ಮುಖದಲ್ಲಿ ಕಳೆ ಬಂದಿತ್ತು. ನಿನ್ನ ಬೋಟಿನ ವಿದ್ಯೆ ನಮ್ಮಿಬ್ಬರನ್ನೂ ಉಳಿಸಿತು ಮಾರಾಯ ಎಂದೆ. ಅವನು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ.

"ಯಾವ ಬೋಟು ಸಾರ್? ಕಡಲಿಗೆ ಕಾಲು ಹಾಕ್ಲಿಕ್ಕೂ ನಂಗೆ ಹೆದರಿಕೆ. ನಾನು ಕಾರ್ಕಳದಲ್ಲಿ ಬೀಡಿ ಬ್ರಾಂಚಿನಲ್ಲಿ ಇದ್ದವ."

ದಾರಿಯಲ್ಲಿ ಆಡಿದ ಮಾತು ನೆನಪಿದೆಯೇ ಎಂದು ಕೇಳಿದೆ. ಕ್ಯಾಂಪಿನ ಕುರ್ಚಿಯಲ್ಲಿ ಕೂತದ್ದು ನೆನಪಿದೆ, ಆಮೇಲೆ ಈ ಹಾಸಿಗೆ ಎಂದ. ಗಂಜಿ ಚೆನ್ನಾಗಿದೆ ಎಂದ.

ಜೆಸಿಂತಾ ಇದಕ್ಕೆ ತಕ್ಷಣ ಸಮಾಧಾನ ಹುಡುಕಿದಳು. ಸದ್ದಿನ ಮಾತನ್ನು ನಾನು ಸಣ್ಣವನಿದ್ದಾಗ ಸೋದರಮಾವನಿಂದ ಕೇಳಿರಬೇಕಂತೆ. ಬಿಸಿಲಿಗೆ ತಲೆ ಕೆಟ್ಟು, ನನಗೆ ನಾನೇ ಹೇಳಿಕೊಂಡು, ಹಿಂದಿನಿಂದ ಬಂತೆಂದು ತಿಳಿದಿರಬೇಕಂತೆ. ನಾನು ಒಪ್ಪಿದೆ. ಒಪ್ಪದಿದ್ದರೆ ಪಾದ್ರಿಗಳನ್ನು ಕರೆಸಿ ಗಾಡಿಗೆ ತೀರ್ಥ ಹಾಕಿಸುವ ಆಲೋಚನೆ ಅವಳ ಕಣ್ಣಲ್ಲಿ ಕಾಣುತ್ತಿತ್ತು. ಒಂದು ಮಾತನ್ನು ಮಾತ್ರ ಅವಳಿಗೆ ಹೇಳಿಲ್ಲ. ಎಂಟು ವರ್ಷಗಳಲ್ಲಿ ಶೀನ ನನ್ನನ್ನು ಒಮ್ಮೆಯೂ ಅಣ್ಣ ಎಂದು ಕರೆದವನಲ್ಲ.

ಇರಲಿ. ನನಗೆ ಭೂತಪ್ರೇತಗಳಲ್ಲಿ ನಂಬಿಕೆಯಿಲ್ಲ. ಇದೆ ಎಂದರೆ ಆಫೀಸಿನಲ್ಲಿ ನಗುತ್ತಾರೆ. ಮುಳ್ಳಿನ ಮಾತು ನಂಬುವುದನ್ನೂ ಬಿಟ್ಟಿದ್ದೇನೆ. ಒಂದು ಅಭ್ಯಾಸವನ್ನು ಮಾತ್ರ ಹೊಸದಾಗಿ ಮಾಡಿಕೊಂಡಿದ್ದೇನೆ. ಗಾಡಿ ಓಡಿಸುವಾಗ ಹಿಂದಿನ ಸೀಟಿನಿಂದ ಯಾರಾದರೂ ಏನಾದರೂ ಹೇಳಿದರೆ ವಾದಕ್ಕೆ ನಿಲ್ಲುವುದಿಲ್ಲ, ಗಾಡಿ ನಿಲ್ಲಿಸಿ ಇಳಿದು ಅವರು ಹೇಳಿದಂತೆ ಮಾಡುತ್ತೇನೆ. ಸೀಟಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಆಮೇಲೆ ನೋಡಿದರಾಯಿತು.