ಎದುರುಮನೆಯಾಕೆಯ ಬಾಯಲ್ಲಿ ನಮ್ಮ ಚಾವಿ

ಇವತ್ತು ಲಾಂಡ್ರಿ ರೂಮಿನ ಬಿಸಿ ಸಾಬೂನಿನ ವಾಸನೆಗೆ ಅಮೆರಿಕದ ಶಾಮ್‌ಬರ್ಗಿನ ನಮ್ಮ ಹಳೆಯ ಅಪಾರ್ಟ್‌ಮೆಂಟು ನೆನಪಾಯಿತು. ಧಾರವಾಡದಿಂದ ಬಂದಿದ್ದ ಅಜ್ಜಿ ಅಲ್ಲಿ ಬಟ್ಟೆ ಮಡಚುತ್ತಾ, ಎದುರುಮನೆಯ ಬ್ರೆಜಿಲ್ ಹೆಂಗಸಿನ ಗಿಡ್ಡ ಲಂಗದ ಬಗ್ಗೆ ಕನ್ನಡದಲ್ಲಿ ಜೋರಾಗಿಯೇ ಆಡಿಕೊಳ್ಳುತ್ತಿದ್ದರು.

ಒಮ್ಮೆ ಬೀಗದ ಕೈ ಒಳಗೇ ಮರೆತು ನಾವಿಬ್ಬರೂ ಬಾಗಿಲ ಹೊರಗೆ ಉಳಿದೆವು. ಅಜ್ಜಿ ಸೆರಗು ಕೊಡವಿ, "ಚಾವಿ ಎಲ್ಲಿ ಹೋತು?" ಎನ್ನುತ್ತಿದ್ದಾಗ ಆ ಹೆಂಗಸು ಹೊರಬಂದು, "ಶಾವಿ? ಶಾವಿ?" ಎಂದು ಬೀಗ ತಿರುಗಿಸುವಂತೆ ಕೈಯಾಡಿಸಿದಳು. ಒಳಗೆ ಕರೆದು ಕಾಫಿ ಕೊಟ್ಟಳು. ಅಜ್ಜಿ ಮುಟ್ಟಲಿಲ್ಲ.

"ಈಕಿಗೆ ನಮ್ಮ ಮಾತು ಪೂರಾ ತಿಳೀತದ," ಎಂದು ನನ್ನ ಕಿವಿಯಲ್ಲಿ ಉಸುರಿದರು.

ಸಂಜೆ ಅಪ್ಪ ನಕ್ಕರು. "ಅವ್ವಾ, ಚಾವಿ, ಸಾಬೂನು ಎಲ್ಲಾ ಪೋರ್ಚುಗೀಸರ ಮಾತು. ಹಡಗಿನ್ಯಾಗ ಗೋವಾಕ್ಕ ಬಂದು ನಮಗ ಸಿಕ್ಕಾವ. ಬ್ರೆಜಿಲಿನಾಗೂ ಅದೇ ಭಾಷಾ."

"ನಮ್ಮವ್ವನ ಸೊಂಟದಾಗಿನ ಚಾವಿ ಹಡಗಿನ್ಯಾಗ ಬಂತೇನು?" ಅಜ್ಜಿ ನಂಬಲಿಲ್ಲ.

ಮರುದಿನ ಆಕೆ ಎದುರಾದಾಗ, "ಊಟ ಆತೇನವ್ವಾ?" ಎಂದು ಮೆಲ್ಲಗೆ ಕೇಳಿ ಪರೀಕ್ಷಿಸಿದರು. ಆಕೆ ಸುಮ್ಮನೆ ನಕ್ಕಳು.

"ನೋಡು, ಹೆಂಗ ನಟಸ್ತಾಳ!"

ಊರಿಗೆ ಮರಳುವವರೆಗೂ ಅಜ್ಜಿ ಆ ಕಾರಿಡಾರಿನಲ್ಲಿ ಪಿಸುಮಾತೇ ಆಡಿದರು. ಈಗ ನಾನೂ ಅಷ್ಟೆ, ಲಿಫ್ಟಿನಲ್ಲಿ ಅಪರಿಚಿತರಿದ್ದರೆ ಕನ್ನಡದಲ್ಲಿ ಯಾರನ್ನೂ ಬೈಯುವುದಿಲ್ಲ.