ಸಾಹೇಬರ ವಂಶವೃಕ್ಷ

ಸಾಹೇಬರಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದುದು ಕಿವಿಗಳು. ಆ ಕಿವಿ ನೋಡಿಯೇ ಒಳಗೆ ಹೋಗುವುದೋ ಬೇಡವೋ ಎಂದು ನಾನು ತೀರ್ಮಾನಿಸುತ್ತಿದ್ದೆ. ಎಂಬತ್ತರ ದಶಕದಲ್ಲಿ ಮಸ್ಕತ್ತಿನ ಅಲ್ ಖುವೈರ್‌ನ ಕಂಪನಿಯೊಂದರಲ್ಲಿ ಅವರು ಮ್ಯಾನೇಜರ್, ನಾನು ಟೈಪಿಸ್ಟ್. ಒಂಬತ್ತು ವರ್ಷ ಹೆದರಿಕೊಂಡೇ ದುಡಿದೆ.

ಅವರು ಸ್ಕಾಟ್ಲೆಂಡಿನ ದೊಡ್ಡ ಮನೆತನದವರು. ಮುತ್ತಜ್ಜ ಹತ್ತೊಂಬತ್ತನೆಯ ಶತಮಾನದ ಜಹಗೀರುದಾರ. ಮಹಾ ಸಿಡುಕ, ಕುದುರೆಯ ಹುಚ್ಚು, ಮೇಷ್ಟರನ್ನು ಮದುವೆಯಾದಳೆಂದು ಒಬ್ಬಳೇ ಮಗಳನ್ನು ಮನೆಯಿಂದ ಹೊರಗೆ ಹಾಕಿದವ. ಬಿರುದು, ಬಂಗಲೆ ಎರಡೂ ಈಗ ಸಾಹೇಬರ ಅಣ್ಣನದು. ಕುಟುಂಬದವರೆಲ್ಲ ಸೇರುವ ದಿನಕ್ಕೆ ಮುತ್ತಜ್ಜನ ಚರಿತ್ರೆ ಬರೆದುಕೊಡು ಎಂದು ಆ ಅಣ್ಣ ಕೇಳಿದ್ದರು. ಬಹಳ ವರ್ಷ ಮಾತು ಬಿಟ್ಟಿದ್ದ ಅಣ್ಣ ಆಡಿದ ಮೊದಲ ಮಾತು ಅದು. ಗುರುವಾರ ಮಧ್ಯಾಹ್ನ ಆಫೀಸು ಖಾಲಿಯಾದ ಮೇಲೆ ಸಾಹೇಬರು ಹಾಲಿಲ್ಲದ ಚಹಾ ಹೀರುತ್ತ ಹೇಳುವರು, ನಾನು ಟೈಪ್ ಮಾಡುವುದು. ಒಂದು ಅಧ್ಯಾಯ ಮುಗಿದರೆ "ಖಲಾಸ್" ಎಂದು ಮಕ್ಕಳಂತೆ ಕೈ ತಟ್ಟುತ್ತಿದ್ದರು.

ಕೊನೆಗೆ ಹೆಸರುಗಳ ಚೀಟಿ ಕೊಟ್ಟು, ಒಂದೇ ಹಾಳೆಯಲ್ಲಿ ವಂಶವೃಕ್ಷ ಮಾಡು ಎಂದರು. ನಮ್ಮದು ಉಡುಪಿ ಕಡೆಯ ಅಳಿಯಕಟ್ಟಿನ ಮನೆ. ಮನೆತನ ಮುಂದುವರಿಯುವುದು ಹೆಣ್ಣುಮಕ್ಕಳಿಂದ, ಗಂಡುಮಕ್ಕಳ ಮಕ್ಕಳು ಅವರವರ ತಾಯಿಮನೆಗೆ ಸೇರಿದವರು. ಊರಿನಲ್ಲಿ ಮಾವಂದಿರಿಗೆ ಇಂಥ ಹಾಳೆ ಎಷ್ಟೋ ಮಾಡಿಕೊಟ್ಟಿದ್ದೆ. ಜಾಗ ಸಾಲದಾದಾಗ ಕೈ ಹಳೆಯ ರೂಢಿಯಲ್ಲೇ ಓಡಿತು. ಮುತ್ತಜ್ಜ ಹೊರಗೆ ಹಾಕಿದ ಆ ಮಗಳ ಸಂತಾನವನ್ನೆಲ್ಲ ಬರೆದೆ, ಗಂಡುಮಕ್ಕಳ ಹೆಸರಿನ ಕೆಳಗೆ ಗೆರೆ ಎಳೆದು ಮುಗಿಸಿದೆ. ಸಾಹೇಬರು ನನ್ನನ್ನು ನಂಬಿ, ನೋಡದೆಯೇ ಕಳಿಸಿದರು. ಅಲ್ಲಿ ಅದು ನೆಂಟರಿಗೆಲ್ಲ ಹಂಚಿಹೋಯಿತು.

ಶನಿವಾರ ಅಣ್ಣನ ಫೋನು ಬಂತು. ಗಾಜಿನಾಚೆ ಸಾಹೇಬರ ಮುಖ ಬಿಳಿಚಿಕೊಂಡಿತು. ವಂಶವೃಕ್ಷದ ಮಾತು ಕಿವಿಗೆ ಬಿದ್ದು, ಕಾರ್ಬನ್ ಪ್ರತಿ ತೆಗೆದು ನೋಡಿದೆ. ಗಂಡುಮಕ್ಕಳ ಕಡೆಯವರಾದ ಸಾಹೇಬರೂ ಅದರಲ್ಲಿ ಇಲ್ಲ, ಅಣ್ಣನೂ ಇಲ್ಲ. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಅಟ್ಟಿದರೆ ಏನು ಗತಿ? ಮಗಳನ್ನು ಶಾಲೆಗೆ ಸೇರಿಸಿ ತಿಂಗಳೂ ಆಗಿರಲಿಲ್ಲ.

ಹಮ್ರಿಯಾದ ನಮ್ಮ ಮನೆಯಲ್ಲಿ ಹೆಂಡತಿ, "ಹೋಗಿ ಹೇಳಿಬಿಡಿ ಮಾರಾಯ್ರೆ. ಅವರೆಂತ ನಿಮ್ಮನ್ನು ತಿಂತಾರಾ?" ಎಂದಳು.

ಮರುದಿನ ಸಾಹೇಬರೇ ಕರೆದರು. "ನಾನು ಬೇಕೆಂದೇ ತನ್ನನ್ನು ಬಿಟ್ಟಿದ್ದೇನೆ ಅಂತಾನೆ ಅಣ್ಣ. ಚೀಟಿಯಲ್ಲಿ ನಮ್ಮ ಹೆಸರು ಇತ್ತಲ್ಲವೇ?"

"ಇರಲಿಲ್ಲ ಸರ್" ಎಂದೆ. ಬಾಯಿಂದ ಬಂದೇಬಿಟ್ಟಿತು.

ಆ ಚೀಟಿ ಮೇಜಿನ ಮೇಲೇ ಇತ್ತು. ಸಾಹೇಬರದೇ ಕೈಬರಹದಲ್ಲಿ ಅವರ ಮತ್ತು ಅಣ್ಣನ ಹೆಸರು ಎಲ್ಲಕ್ಕಿಂತ ಮೇಲೆ. ನಾನೂ ಕಂಡೆ, ಅವರೂ ಕಂಡರು. ಅದನ್ನು ಡ್ರಾಯರಿಗೆ ಹಾಕಿ, "ಹಾಗಾದರೆ ನಾನೇ ಮರೆತಿರಬೇಕು" ಎಂದರು. ಅಣ್ಣನಿಗೂ ಹಾಗೆಯೇ ಬರೆದರು, ಆ ಕಾಗದವನ್ನು ಟೈಪ್ ಮಾಡಿದವನೂ ನಾನೇ. ಅಣ್ಣ ನಂಬಲಿಲ್ಲ, ಮತ್ತೆಂದೂ ಫೋನು ಬರಲಿಲ್ಲ. ನನ್ನ ಕೆಲಸ ಉಳಿಯಿತು. ಎಷ್ಟೋ ಗುರುವಾರ ಬಾಗಿಲವರೆಗೆ ಹೋಗಿ ಹೇಳಲಾಗದೆ ಹಿಂದೆ ಬಂದೆ, ಥೂ ನನ್ನ ಜನ್ಮವೇ.

ತೊಂಬತ್ತರ ದಶಕದಲ್ಲಿ ಅವರು ಮಸ್ಕತ್ತಿನಲ್ಲೇ ತೀರಿಕೊಂಡರು. ಸುದ್ದಿ ಕಳಿಸಿದರೂ ಸ್ಕಾಟ್ಲೆಂಡಿನಿಂದ ಯಾರೂ ಬರಲಿಲ್ಲ. ಹೂಳುವ ಹೊತ್ತಿಗೆ ಪಾದ್ರಿಗಳು "ಮನೆಯವರು ಯಾರಾದರೂ ಇದ್ದರೆ ಮುಂದೆ ಬನ್ನಿ" ಎಂದರು. ಸುತ್ತ ನೋಡಿದೆ. ಆಮೇಲೆ ನಾನೇ ಹೋಗಿ ಹಿಡಿ ಮಣ್ಣು ಹಾಕಿದೆ.