ಕರಿ ಐದರ ಪೇಟಿ

ಅದಿರಿನ ಲಾರಿಗಳು ಹಗಲಿರುಳೂ ಓಡುತ್ತಿದ್ದ ಕಾಲ. ಬಳ್ಳಾರಿಯ ಕೌಲ್ ಬಜಾರಿನ ಒಂದು ಕೋಣೆಯಲ್ಲಿ ನಾನು ಸಂಗೀತದ ಪಾಠ ಹೇಳುತ್ತಿದ್ದೆ. ನಿನ್ನೆ ಮೊನ್ನೆ ಕೈಯಲ್ಲಿ ಕಾಸು ಕಂಡವರಿಗೆಲ್ಲ ತಮ್ಮ ಮಕ್ಕಳು ಹಾಡಬೇಕೆಂಬ ಚಪಲ; ಆ ಮಕ್ಕಳ ಗಂಟಲೋ, ದೇವರಿಗೇ ಪ್ರೀತಿ. ಕೆಂಪು ಧೂಳು ತಿದಿಯೊಳಗೆ ಸೇರಿ ನನ್ನ ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ಪೇಟಿ, ಉಬ್ಬಸದವರಂತೆ ಏದುಸಿರು ಬಿಡತೊಡಗಿತ್ತು.

ಇಂಟರ್ನೆಟ್ ಸೆಂಟರಿನಲ್ಲಿ ಒಂದು ಜಾಹೀರಾತು ಕಂಡೆ. ಸಿರುಗುಪ್ಪದವನೊಬ್ಬ ಹಳೆಯ ಜರ್ಮನ್ ರೀಡಿನ ಪೇಟಿಯ ಫೋಟೋ ಹಾಕಿದ್ದ. ನೋಡಿದ ಕೂಡಲೇ ಮನಸ್ಸಾಯಿತು. ಆದರೆ ಅದರ ಕೆಳಗೆ ಯಾರೋ ಬರೆದಿದ್ದರು: ಇವನು ಕಳ್ಳ, ಇದು ಕುರುಗೋಡಿನ ನಮ್ಮ ಭಜನಾ ಮಂಡಳಿಯಿಂದ ಕಳುವಾದ ಪೇಟಿ. ಇಬ್ಬರ ನಂಬರನ್ನೂ ಬರೆದುಕೊಂಡು ಮನೆಗೆ ಬಂದೆ.

ಮಾರುವವನಿಗೆ ಫೋನ್ ಮಾಡಿದೆ. ಅಪ್ಪ ನುಡಿಸುತ್ತಿದ್ದ ಪೇಟಿ, ಅಪ್ಪ ಈಗಿಲ್ಲ, ಎಂದ. ಕಳವಿನ ಮಾತೆತ್ತಿದರೆ ತೊದಲಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. ಭಾನುವಾರ ಬರುತ್ತೇನೆ ಎಂದೆ.

“ಐತವಾರ ಒಂದು ಬ್ಯಾಡ್ರಿ ಅಕ್ಕಾರ,” ಎಂದ. “ತಂಗಿನ್ನ ನೋಡಾಕ ಕುಡತಿನಿಯಿಂದ ಮಂದಿ ಬರ್ತಾರ. ಸೋಮವಾರ ಬರ್ರಿ, ಕೈ ಮುಗಿತೀನಿ.”

ಸೋಮವಾರದೊಳಗೆ ಪೇಟಿ ಸಾಗಿಸಿಬಿಡುತ್ತಾನೆ ಭೂಪ, ಅಂದುಕೊಂಡೆ. ಕಳವಿನದಾದರೆ ಕುರುಗೋಡಿಗೆ, ಅಲ್ಲವಾದರೆ ನನಗೆ. ಆ ಮಂಡಳಿಯ ಹಿರಿಯರೊಬ್ಬರನ್ನು ಗುರುತು ಹಿಡಿಯಲು ಕರೆದುಕೊಂಡು ಭಾನುವಾರವೇ ಸಿರುಗುಪ್ಪದ ಬಸ್ಸು ಹತ್ತಿದೆ.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಜಮಖಾನೆಯ ಮೇಲೆ ಗಂಡಿನ ಕಡೆಯವರು ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ರೇಷ್ಮೆ ಸೀರೆ ಉಟ್ಟ ಹುಡುಗಿ ಬಾಗಿಲ ಬಳಿ ನಿಂತಿದ್ದಳು. ನಮ್ಮನ್ನು ಕಂಡು ಅಣ್ಣನ ಮುಖ ಬಿಳಿಚಿತು. ಹಿತ್ತಲಲ್ಲಿ ಕೂಡುವಂತೆ ಮೆಲ್ಲಗೆ ಕೇಳಿಕೊಂಡ. ಮರ್ಯಾದಸ್ತರಾದವರು ಅಲ್ಲಿಂದಲೇ ಹಿಂತಿರುಗುತ್ತಿದ್ದರು. ನಾನು ಪೇಟಿ ತಗೊಂಡು ಬಾ ಎಂದು ಎಲ್ಲರ ನಡುವೆಯೇ ಕೂತೆ. ನನ್ನನ್ನು ಬೇಗ ಸಾಗಹಾಕಬಹುದೆಂದೋ ಏನೋ, ತಂದಿಟ್ಟ.

ಮುಚ್ಚಳ ತೆಗೆದೆ. ಗಂಡಸರು ಸಾಮಾನ್ಯವಾಗಿ ಕರಿ ಒಂದನ್ನು, ಅಂದರೆ ಬೆರಳೊತ್ತುವ ಮೊದಲ ಕಪ್ಪು ಮನೆಯನ್ನು, ಷಡ್ಜ ಮಾಡಿಕೊಂಡು ಹಾಡುತ್ತಾರೆ. ಹೆಂಗಸರ ದನಿ ಏರು. ನಮಗೆ ಕರಿ ನಾಲ್ಕು, ಕರಿ ಐದು. ವರ್ಷಗಟ್ಟಲೆ ಒತ್ತಿದ ಮನೆ ಸವೆಯಲೇಬೇಕು. ಈ ಪೇಟಿಯಲ್ಲಿ ಕರಿ ಐದರ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು. ಕರಿ ಒಂದು ಹೊಳೆಯುತ್ತಿತ್ತು.

ಕುರುಗೋಡಿನ ಹಿರಿಯರು ಬಗ್ಗಿ ನೋಡಿ, “ನಮ್ಮದರಂಗ ಐತ್ರಿ, ಆದ್ರ...” ಎಂದರು. ನಾನು ಮುಂದೆ ಬಿಡಲಿಲ್ಲ. ನನ್ನ ಜಾಣತನ ಆಗಲೇ ನಾಲಿಗೆಯ ತುದಿಗೆ ಬಂದಿತ್ತು.

“ನಿಮ್ಮಪ್ಪ ಏನು ಹೆಣ್ಣಿನ ದನಿಯಲ್ಲಿ ಹಾಡುತ್ತಿದ್ದರಾ?” ಎಂದೆ, ಬೀಗರಿಗೂ ಕೇಳುವಂತೆ. “ಇದು ನಿನ್ನ ಮನೆಯ ಪೇಟಿ ಅಲ್ಲ. ಎಲ್ಲಿ ಕದ್ದೆ, ಹೇಳು.”

ಯಾರೂ ಉಪ್ಪಿಟ್ಟು ಮುಟ್ಟಲಿಲ್ಲ. ಅವನು ತಲೆ ತಗ್ಗಿಸಿ ನಿಂತ. ಕಳ್ಳ ಎಂದರೂ ಬಾಯಿ ಬಿಡಲಿಲ್ಲ. ಅಡಿಗೆಮನೆಯಿಂದ ಅವನ ತಾಯಿ ಬಂದರು. ಬೇಡ ಎಂಬಂತೆ ಅವನು ಅಡ್ಡ ಬಂದ. ಅವನನ್ನು ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು ಪೇಟಿಯ ಮುಂದೆ ಕೂತರು. ತಿದಿ ಒತ್ತಿ ಕರಿ ಐದು ಹಿಡಿದು ಒಂದೇ ಒಂದು ಆಲಾಪ ತೆಗೆದರು. ಅಂಥ ಷಡ್ಜ ನನ್ನ ಗಂಟಲಿಗೆ ಈ ಜನ್ಮದಲ್ಲಿ ಬರುವುದಿಲ್ಲ.

“ನಾಟಕ ಕಂಪನಿಯಾಗ ಹಾಡಿದಾಕಿ ನಾನು,” ಎಂದರು, ಬೀಗರ ಕಡೆ ತಿರುಗಿ. “ಪೇಟಿ ನಂದು. ನನ್ನ ಮಗ ಕಳ್ಳ ಅಲ್ಲ.”

ಬೀಗರ ಪೈಕಿ ಒಬ್ಬಾಕೆ ತಟ್ಟೆಯಲ್ಲೇ ಕೈ ತೊಳೆದಳು. ಉಳಿದವರೂ ಎದ್ದರು. ನಾಟಕದಾಕೆಯ ಮಗಳು ತಮ್ಮ ಮನೆಗೆ ಬೇಡವೆಂದು ಹೊಸ್ತಿಲಲ್ಲೇ ಹೇಳಿ ಹೋದರು. ಮದುವೆಗೆ ಮುಂಚೆ ಆ ಪೇಟಿ ಮನೆಯಿಂದ ಹೋಗಲಿ, ಊರಿನಲ್ಲಿ ಮಾತ್ರ ಯಾರಿಗೂ ತಿಳಿಯದಿರಲಿ ಎಂದೇ ಅವನು ಅಪ್ಪನ ಹೆಸರು ಹೇಳಿ ಇಂಟರ್ನೆಟ್ಟಿಗೆ ಹೋಗಿದ್ದನೆಂದು ನನಗೆ ಆಗ ಅರ್ಥವಾಯಿತು. ಹುಡುಗಿ ಅಳಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು.

“ಈಗ ನಂಬಿಕಿ ಬಂತಲ್ರಿ?” ಎಂದರು ತಾಯಿ ನನಗೆ. “ಒಯ್ರಿ.”

ದುಡ್ಡು ಕೊಟ್ಟು ಒಯ್ದೆ. ಕಾಲಿಗೆ ಬೀಳಬೇಕಿತ್ತು, ಇಲ್ಲವೇ ಬರಿಗೈಯಲ್ಲಿ ಬರಬೇಕಿತ್ತು. ಆದರೆ ಪೇಟಿಯ ದನಿ ಕೇಳಿಬಿಟ್ಟಿದ್ದೆನಲ್ಲ, ಬಿಟ್ಟು ಬರಲು ಮನಸ್ಸಾಗಲಿಲ್ಲ.

ಬಸ್ಸಿನಲ್ಲಿ ಪೇಟಿ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಹಿರಿಯರು ಅದರ ಕಡೆ ನೋಡಿ ಹೇಳಿದರು.

“ನಮ್ಮ ಭಜನಿಯಾಗ ಹೆಣ್ಮಕ್ಕಳು ಹಾಡಂಗಿಲ್ರಿ. ನಮ್ಮ ಪೇಟ್ಯಾಗ ಸವದಿದ್ದು ಕರಿ ಒಂದು. ಅದನ್ನ ಹೇಳಾಕ ಹೊಂಟಿದ್ದೆ, ನೀವು ಬಿಡಲಿಲ್ಲ.”

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಅಷ್ಟು ಹೊಳೆದಿರಲಿಲ್ಲ. ಸುಮ್ಮನೆ ಕೂಡ್ರಿ ಎಂದು ಅವರನ್ನೇ ಗದರಿದೆ. ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತೋ ಇಲ್ಲವೋ, ಕೇಳಲು ಒಮ್ಮೆಯೂ ಫೋನ್ ಮಾಡಲಿಲ್ಲ. ಇವತ್ತಿಗೂ ಅದೇ ಪೇಟಿಯಲ್ಲಿ ಪಾಠ ಹೇಳುತ್ತೇನೆ, ಕರಿ ಐದರಲ್ಲಿ.